ಹದಿನೈದರೊಳಗಿನ ಹುಡುಗನಿಗೆ ಹನ್ನೆರಡು ಮನೆ

ನಮ್ಮ ಮನೆಯಲ್ಲಿ ಕಾಗದಪತ್ರ ಕಳೆದುಹೋದ ಚರಿತ್ರೆಯೇ ಇಲ್ಲ. ಎಲ್ಲವೂ ದೇವರ ಪಟದ ಕೆಳಗಿನ ತಗಡಿನ ಡಬ್ಬಿಯಲ್ಲಿ ಭದ್ರ. ಆದ್ದರಿಂದಲೇ ಮಸ್ಕತ್ತಿನಲ್ಲಿರುವ ನನ್ನ ತಂಗಿ ವಿನಯ, ಮಗ ಕಾರ್ತಿಕನ ಕಾಗದಗಳನ್ನೂ ನನ್ನ ಸುಪರ್ದಿಗೆ ಬಿಟ್ಟಿದ್ದಳು. ಅವನು ಹುಟ್ಟಿದ್ದು ಇಲ್ಲಿ ಬಂಟ್ವಾಳದಲ್ಲಿ, ಬೆಳೆದದ್ದು ಅಲ್ಲಿ.

ಒಂದು ಗುರುವಾರ ಮಧ್ಯಾಹ್ನ ಒಂದು ಗಂಟೆಗೆ ಅವಳ ಫೋನ್ ಬಂತು. "ಅಕ್ಕಾ, ಕಾರ್ತಿಕ ಒಮಾನ್ ಟೀಮಿಗೆ ಸೆಲೆಕ್ಟ್ ಆದ. ಮಲೇಷ್ಯಾದಲ್ಲಿ ಏಷ್ಯಾದ ಹದಿನೈದರೊಳಗಿನ ಮಕ್ಕಳ ಕ್ರಿಕೆಟ್ ಉಂಟು. ಅವನ ಬರ್ತ್ ಸರ್ಟಿಫಿಕೇಟ್ ನಾಲ್ಕು ಗಂಟೆಯೊಳಗೆ ಇಲ್ಲಿಯ ಆಫೀಸಿಗೆ ಫ್ಯಾಕ್ಸ್ ಮಾಡು. ಇಲ್ಲದಿದ್ರೆ ಬೇರೆ ಹುಡುಗನ ಹೆಸರು ಹಾಕ್ತಾರೆ."

ಡಬ್ಬಿಯಲ್ಲಿ ಕಾರ್ತಿಕನವು ಎರಡು ಉದ್ದ ಲಕೋಟೆಗಳಿದ್ದವು. ಒಂದರ ಮೂಲೆಗೆ ಕುಂಕುಮ ಹಚ್ಚಿತ್ತು. ಶುಭಕಾರ್ಯಕ್ಕೆ ಅದೇ ಸರಿ ಎಂದು ಎತ್ತಿಕೊಂಡೆ.

"ಬಿಡಿಸಿ ನೋಡು ಮಾರಾಯ್ತಿ," ಎಂದರು ನಮ್ಮವರು.

"ಒಂದೂವರೆಗೆ ರಾಹುಕಾಲ ಸುರು ಆಗ್ತದೆ. ನೋಡ್ತಾ ಕೂತರೆ ಹೊರಡುವುದು ಯಾವಾಗ?"

ಹೊರಟೆ. ಕನ್ನಡಕ ಮನೆಯಲ್ಲೇ ಉಳಿಯಿತು.

ಬಿ.ಸಿ.ರೋಡಿನ ಫ್ಯಾಕ್ಸ್ ಅಂಗಡಿಯ ಹಮೀದಣ್ಣ ಕಾಗದವನ್ನು ತಿರುಗಿಸಿ ನೋಡಿದರು. "ಅಕ್ಕ, ಇದರಲ್ಲಿ ಎಂತ ಚೌಕ ಚೌಕ ಉಂಟಲ್ಲ?"

"ಸರ್ಕಾರದ ಕಾಗದದಲ್ಲಿ ಚೌಕ ಇರುವುದೇ. ನೀವು ಕಳಿಸಿ."

ಲೈನು ಎರಡು ಸಲ ಕಡಿಯಿತು. ನಾನು ಕಣ್ಣು ಮುಚ್ಚಿ ಪೊಳಲಿ ಅಮ್ಮನಿಗೆ ಹೂವಿನ ಪೂಜೆಯ ಹರಕೆ ಹೊತ್ತೆ: ಅಮ್ಮಾ, ಹುಡುಗ ತಂಡದಲ್ಲಿ ಇದ್ದರೆ ಸಾಕು. ಮೂರನೆಯ ಸಲ ಫ್ಯಾಕ್ಸ್ ಹೋಯಿತು. ಗೆದ್ದೆ ಎಂದುಕೊಂಡೆ.

ಸ್ವಲ್ಪ ಹೊತ್ತಿನಲ್ಲಿ ಅಂಗಡಿಯ ಫೋನ್ ಹೊಡೆದುಕೊಂಡಿತು. ವಿನಯ.

"ಅಕ್ಕಾ, ನೀನು ಕಳಿಸಿದ್ದು ಜಾತಕ! ಕುಂಡಲಿಯನ್ನು ಕೋಚ್ ಫೀಲ್ಡಿಂಗಿನ ನಕ್ಷೆ ಅಂತ ಗ್ರಹಿಸಿದ್ದಾರೆ. ಹನ್ನೆರಡು ಮನೆ ಯಾಕೆ, ಆಡುವುದು ಹನ್ನೊಂದೇ ಜನ ಅಲ್ವಾ ಅಂತ ಕೇಳ್ತಿದ್ದಾರೆ. ನಾನೆಂತ ಹೇಳುದು?"

ಕೂಡಲೇ ಮನೆಗೆ ಫೋನ್ ಮಾಡಿದೆ.

"ಡಬ್ಬಿಯಲ್ಲಿ ಇನ್ನೊಂದು ಲಕೋಟೆ ಉಂಟು. ತೆಕ್ಕೊಂಡು ಬನ್ನಿ."

"ರಾಹುಕಾಲ ಮುಗಿದ ಮೇಲೆ ಬರ್ಲಾ?"

"ಈಗಲೇ ಬನ್ನಿ."

ಬಂದರು, ಆದರೆ ಸ್ಕೂಟರಿನ ಟೈರು ದಾರಿಯಲ್ಲಿ ಪಂಕ್ಚರ್ ಆಗಿ, ಬಸ್ಸಿನಲ್ಲಿ. ಅಷ್ಟರಲ್ಲಿ ಗೋಡೆಯ ಗಡಿಯಾರದಲ್ಲಿ ನಾಲ್ಕು ದಾಟಿ ಹತ್ತು ನಿಮಿಷವಾಗಿತ್ತು. ನಾನು ಸ್ಟೂಲಿನಲ್ಲಿ ಕುಳಿತು ಸೆರಗಿನಿಂದ ಕಣ್ಣು ಒರೆಸುತ್ತಿದ್ದೆ. ಐದು ವರ್ಷದಿಂದ ಮರಳಲ್ಲಿ ಚೆಂಡು ಎಸೆದು ಎಸೆದು ಈ ಜಾಗ ಗಳಿಸಿದ ಹುಡುಗ ಅದು. ದೊಡ್ಡಮ್ಮ ಅದನ್ನು ಅರ್ಧ ದಿನದಲ್ಲಿ ಕಳೆದಳು.

"ಎಂತಕ್ಕೆ ಅಳುದು ಅಕ್ಕ?" ಎಂದರು ಹಮೀದಣ್ಣ.

"ನಾಲ್ಕು ಗಂಟೆ ಆಗಿ ಹೋಯಿತಲ್ಲ."

"ಯಾವ ಊರಿನ ನಾಲ್ಕು? ನನ್ನ ತಮ್ಮನೂ ಮಸ್ಕತ್ತಿನಲ್ಲೇ ಇರುದು. ಅಲ್ಲಿ ಈಗ ಎರಡು ನಲ್ವತ್ತು."

ಒಂದೂವರೆ ಗಂಟೆಯ ಆ ವ್ಯತ್ಯಾಸವನ್ನು ಯಾರು ಇಟ್ಟರೋ, ಅವರಿಗೆ ದೇವರು ಒಳ್ಳೆಯದು ಮಾಡಲಿ. ಈ ಸಲ ನಮ್ಮವರ ಕನ್ನಡಕ ಹಾಕಿಕೊಂಡು ಪುರಸಭೆಯ ಮೊಹರು, ತಾರೀಕು, ಹೆಸರು ಎಲ್ಲವನ್ನೂ ಓದಿದೆ. ಹಮೀದಣ್ಣನಿಂದಲೂ ಓದಿಸಿದೆ. ಫ್ಯಾಕ್ಸ್ ಒಂದೇ ಸಲಕ್ಕೆ ಹೋಯಿತು. ಕಾರ್ತಿಕನ ಹೆಸರು ಉಳಿಯಿತು.

ಹುಡುಗ ಮಲೇಷ್ಯಾಕ್ಕೆ ಹೋದ. ನಾನು ಪೊಳಲಿಗೆ ಹೋಗಿ ಹೂವಿನ ಪೂಜೆ ಮಾಡಿಸಿ ಬಂದೆ. ಪಂದ್ಯಗಳೆಲ್ಲ ಮುಗಿದ ಮೇಲೆ ಅವನೇ ಫೋನ್ ಮಾಡಿದ.

"ಎಷ್ಟು ವಿಕೆಟ್ ತೆಗೆದಿ ಮಗಾ?"

"ಆಡ್ಲಿಕ್ಕೆ ಸಿಗಲಿಲ್ಲ ದೊಡ್ಡಮ್ಮ. ಎಲ್ಲ ಮ್ಯಾಚಿಗೂ ನಾನು ಹನ್ನೆರಡನೆಯವ. ನೀರು ಕೊಂಡುಹೋಗುವ ಕೆಲಸ."

ಪೊಳಲಿ ಅಮ್ಮನನ್ನು ದೂರುವ ಹಾಗಿಲ್ಲ. ತಂಡದಲ್ಲಿ ಇದ್ದರೆ ಸಾಕು ಎಂದು ಕೇಳಿದವಳು ನಾನೇ. ಆಡಬೇಕು ಎಂದು ಸೇರಿಸಲು ಮರೆತಿದ್ದೆ.