ಸಫಿಯಾಳ ಕಳ್ಳ ಕುಬಸ

ಬೈಲಹೊಂಗಲದ ಮಹಾಜನತೆಗೆ ಅರಬ್ಬಿ ಕಾವ್ಯದ ರುಚಿ ಹಚ್ಚುವ ಘನಕಾರ್ಯ ನನ್ನ ಕೈಯಿಂದಲೇ ಆಗಬೇಕೆಂದು ದೇವರು ಬರೆದಿಟ್ಟಿದ್ದಾನೆ ಅಂತ ನಾನು ನಂಬಿದ್ದೆ. ಬೇರೆ ಯಾರು ಮಾಡಬೇಕು ಹೇಳಿ? ಊರಲ್ಲಿ ಬ್ಲೌಸು ಹೊಲಿಯುವವರು ಬೇಕಾದಷ್ಟು ಜನ ಇದ್ದಾರೆ. ಬ್ಲೌಸು ಹೊಲಿಯುತ್ತ ಅರಬ್ಬಿ ಕವಿತೆ ಕೇಳಿ ಕಣ್ಣೀರು ಹಾಕುವವಳು ನಾನೊಬ್ಬಳೇ!

ಮಷಿನ್ ತುಳಿಯುತ್ತ ಫೋನಿನಲ್ಲಿ ಕಸೂತಿ ಹುಡುಕುವಾಗ ಒಬ್ಬ ಮುದುಕರು ಅರಬ್ಬಿಯಲ್ಲಿ ಕವಿತೆ ಹೇಳುವ ವಿಡಿಯೊ ಅಕಸ್ಮಾತ್ ಸಿಕ್ಕಿತ್ತು. ಒಂದಕ್ಷರ ತಿಳಿಯಲಿಲ್ಲ. ಆದರೂ ಮೈಮೇಲೆ ಮುಳ್ಳೆದ್ದವು. ಕೆಳಗೆ ಇಂಗ್ಲಿಷಿನಲ್ಲಿ ಅರ್ಥ ಬರುತ್ತಿತ್ತು. ಪ್ರಿಯತಮೆ ಡೇರೆ ಕಿತ್ತುಕೊಂಡು ಹೋದ ಜಾಗದಲ್ಲಿ ಕವಿ ನಿಂತು ಅವಳ ಒಲೆಯ ಬೂದಿಯನ್ನು ಮಾತಾಡಿಸುತ್ತಾನಂತೆ. ಬೂದಿಯನ್ನು! ನಾವು ಅದರಿಂದ ಪಾತ್ರೆ ತಿಕ್ಕುತ್ತೇವೆ. ಅವತ್ತು ನಾನು ಯಾರದೋ ಬ್ಲೌಸಿಗೆ ಬಲದ ತೋಳನ್ನು ಎಡಕ್ಕೆ ಹಚ್ಚಿಬಿಟ್ಟೆ.

ಅಲ್ಲಿಂದ ಹುಚ್ಚು ಹಿಡಿಯಿತು. ಕವಿತೆಗಳಾದ ಮೇಲೆ ಮರುಭೂಮಿಯ ಪ್ರೇಮ ಕಾದಂಬರಿಗಳು. ಓದಿದ್ದನ್ನು ಹೇಳದಿದ್ದರೆ ಹೊಟ್ಟೆ ಉಬ್ಬುತ್ತದೆ. ನಮ್ಮವರಿಗೆ ಹೇಳಲು ಹೋದರೆ ಅವರು ಗೊಬ್ಬರದ ಅಂಗಡಿಯ ದಣಿವಿನಲ್ಲಿ ಮೊದಲ ಸಾಲಿಗೇ ಗೊರಕೆ. ಕಡೆಗೆ ಫೋನಿನಲ್ಲಿ ‘ಮರಳಿನ ಮಲ್ಲಿಗೆ’ ಅಂತ ಒಂದು ಪೇಜು ತೆರೆಯುವ ತೀರ್ಮಾನ ಮಾಡಿದೆ. ಅದಕ್ಕೆ ನಮ್ಮ ಅತ್ತೆಯ ಮಂಜೂರಾತಿ ಬೇಕಾಗಿತ್ತು. ಅವರು ಬಹಳ ಹೊತ್ತು ಯೋಚಿಸಿ ಹೇಳಿದರು:

“ಮಾಡ್ಕೋ. ಆದ್ರ ಮನಿ ಮಾತು ಅದರಾಗ ಬರಬಾರದು. ಬಂತಂದ್ರ ಅವತ್ತ ಬಂದ್.”

ಅಷ್ಟೇ ತಾನೆ! ಮರುಭೂಮಿಗೂ ನಮ್ಮ ಮನೆಗೂ ಎಲ್ಲಿಯ ಸಂಬಂಧ ಅಂದುಕೊಂಡು ಕುಣಿದಾಡಿದೆ.

ಸವದತ್ತಿ, ಕಿತ್ತೂರು, ರಾಮದುರ್ಗದ ಹೆಂಗಸರೆಲ್ಲ ಫಾಲೋ ಮಾಡತೊಡಗಿದರು. ನಾನು ಒಂದು ಕಾದಂಬರಿ ಹಿಡಿದೆ. ನಾಯಕಿ ಸಫಿಯಾ. ಅವಳ ಗಂಡ ಹಾರಿಸ್, ಒಂಟೆಗಳ ಸಾಲು ಕಟ್ಟಿಕೊಂಡು ವ್ಯಾಪಾರಕ್ಕೆ ಹೋದವನು. ಇಡೀ ಕಥೆಯನ್ನು ಸಫಿಯಾ ತಾನೇ ಹೇಳಿಕೊಳ್ಳುತ್ತಾಳೆ. ನಾನೂ ಹಾಗೆಯೇ ಹೇಳಿದೆ. ಮೂಲಕ್ಕೆ ನಿಷ್ಠೆ ಎನ್ನುವುದು ನನ್ನ ಸಿದ್ಧಾಂತ! ತಲೆಯ ಮೇಲೆ ಓಢಣಿ ಎಳೆದುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ದಿನಕ್ಕಷ್ಟು ಕಥೆ. ಇದು ಕಾದಂಬರಿ ಅಂತ ಮೊದಲ ದಿನ ಹೇಳಿದ್ದೆ. ದಿನಾ ಏನು ಹೇಳುವುದು, ರಸಭಂಗ.

ಹೀಗಿರುವಾಗ ಆ ಕಂತು ಬಂತು. ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮೆಲ್ಲಗೆ ಹೇಳಿದೆ: “ಮೂರು ತಿಂಗಳು ತುಂಬಿತು. ಅವರಿಗೂ ಹೇಳಿಲ್ಲ. ಯಾರಿಗೂ ಹೇಳಿಲ್ಲ. ಖರ್ಜೂರ ತಿನ್ನುವ ಬಯಕೆಯಾಗಿದೆ.”

ಅಬ್ಬಬ್ಬಾ, ಆ ವಿಡಿಯೊ ಓಡಿದ್ದೇ ಓಡಿದ್ದು! “ಅಕ್ಕಾರ, ಭಾರ ಎತ್ತಬ್ಯಾಡ್ರಿ”, “ಮಷಿನ್ ತುಳಿಯೂದು ಕಡಿಮಿ ಮಾಡ್ರಿ” ಅಂತ ಒಬ್ಬರ ಮೇಲೊಬ್ಬರು ಬರೆದರು. ನನಗೆ ರೋಮಾಂಚನ. ಪಾತ್ರದೊಳಗೆ ಹೀಗೆ ಕರಗಿಹೋಗುವ ಓದುಗರು ಯಾವ ಲೇಖಕರಿಗೆ ಸಿಕ್ಕಾರು ಅಂತ ಹಿಗ್ಗಿದೆ. ಮರುಭೂಮಿಯ ಸಫಿಯಾಗೆ ಹೊಲಿಗೆ ಮಷಿನ್ ಎಲ್ಲಿಂದ ಬಂತು ಎಂಬ ಪ್ರಶ್ನೆ ನನ್ನ ಬುದ್ಧಿಗೆ ಹೊಳೆಯಲೇ ಇಲ್ಲ.

ಸೋಮವಾರ ಮಧ್ಯಾಹ್ನ ಬಾಗಿಲಲ್ಲಿ ಟಂಟಂ ಆಟೊ ನಿಂತಿತು. ಸವದತ್ತಿಯಿಂದ ನಮ್ಮವ್ವ, ರಾಮದುರ್ಗದಿಂದ ಅವಳ ತಂಗಿ, ನಮ್ಮ ಚಿಗವ್ವ. ಬುಟ್ಟಿಯಲ್ಲಿ ಶೇಂಗಾ ಹೋಳಿಗೆ, ಕರ್ಚಿಕಾಯಿ, ಮೇಲೆ ಹಸಿರು ಸೀರೆ, ಕುಬಸಕ್ಕೆ ಅಂದರೆ ಬ್ಲೌಸಿಗೆ ಖಣ. ಅವ್ವ ನನ್ನ ಗಲ್ಲ ಹಿಡಿದು ಕಣ್ಣು ಒರೆಸಿಕೊಂಡಳು.

ನಮ್ಮ ಕಡೆ ಕಳ್ಳ ಕುಬಸ ಅಂತ ಒಂದು ಪದ್ಧತಿಯಿದೆ. ಹೆಣ್ಣುಮಗಳಿಗೆ ಮೂರು ತಿಂಗಳಾದಾಗ ತವರಿನವರು ಯಾರಿಗೂ ಗೊತ್ತಾಗದ ಹಾಗೆ ಬಂದು, ಹಸಿರು ಉಡಿಸಿ, ಉಡಿ ತುಂಬಿ ಹೋಗುತ್ತಾರೆ. ಮುಂಚೆ ಫೋನು ಮಾಡಿ ಕೇಳುವ ಹಾಗಿಲ್ಲ. ಕೇಳಿದರೆ ಅದು ಕಳ್ಳ ಕುಬಸ ಹೇಗಾದೀತು? ಚಿಗವ್ವ ಆ ಒಂದೇ ವಿಡಿಯೊ ನೋಡಿ ಅವ್ವನಿಗೆ ಕಳಿಸಿದ್ದಳು. ಇಬ್ಬರೂ ಪದ್ಧತಿಗೆ ಸರಿಯಾಗಿ ಬಾಯಿ ಮುಚ್ಚಿಕೊಂಡು ಬಂದಿದ್ದರು.

“ಅವ್ವಾ, ಅಂಥಾದ್ದೇನೂ ಇಲ್ಲ,” ಅಂದೆ.

“ಹಂಗ ಅನಬೇಕವಾ,” ಅಂದಳು ಚಿಗವ್ವ. “ನಾವೂ ಹಂಗ ಅಂದಿದ್ವಿ.”

ಇಲ್ಲ ಇಲ್ಲ ಅಂದಷ್ಟೂ ನನ್ನ ನಾಚಿಕೆಯನ್ನು ಹೊಗಳಿದರು. ಅಷ್ಟರಲ್ಲಿ ಅವ್ವ ಅತ್ತೆಯನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಹೇಳಿಯಾಗಿತ್ತು. ಅತ್ತೆಯ ಮುಖ ಮೊದಲು ಅರಳಿತು. ಆಮೇಲೆ ಕಪ್ಪಿಟ್ಟಿತು.

“ನನಗ ಹೇಳೂಕಿಂತ ಮೊದಲ ಫೋನಿಗೆ ಹೇಳಿದೇನು?”

ಮನೆಯ ಮಾತು ಫೋನಿಗೆ ಬಂದಿದೆ ಅಂದರೆ ‘ಮರಳಿನ ಮಲ್ಲಿಗೆ’ ಬಂದ್! ಬಾಯಿ ತೆರೆಯುವುದರೊಳಗೆ ಗುರುತೇ ಇಲ್ಲದ ಒಬ್ಬ ಹೆಂಗಸು ಚೀಲ ಹಿಡಿದು ಒಳಗೆ ಬಂದರು. ಕಿತ್ತೂರಿನವರಂತೆ, ನನ್ನ ಫಾಲೋವರಂತೆ. ವಿಡಿಯೊದಲ್ಲಿ ಹಿಂದೆ ಕಾಣುವ ಟೇಲರಿಂಗ್ ಬೋರ್ಡು ನೋಡಿ ಮನೆ ಹುಡುಕಿಕೊಂಡು ಬಂದಿದ್ದರು. ಚೀಲದ ತುಂಬ ಖರ್ಜೂರ. ಬಸುರಿಯ ಬಯಕೆ ಕಿವಿಗೆ ಬಿದ್ದ ಮೇಲೆ ಸುಮ್ಮನಿರಬಾರದಲ್ಲ!

ಇನ್ನು ಉಳಿದವರು ಯಾರು? ನಮ್ಮವರು. ಊಟಕ್ಕೆ ಬಂದವರಿಗೆ ಚಿಗವ್ವ ಹೊಸ್ತಿಲಲ್ಲೇ ಹೋಳಿಗೆ ತಿನ್ನಿಸಿದಳು. ಸುದ್ದಿ ಕೇಳಿ ಅವರು ಗೊಬ್ಬರದ ಕೈಯಲ್ಲೇ ಕಣ್ಣೊರೆಸಿಕೊಂಡರು. ಕಣ್ಣು ಉರಿಯಿತೋ ಅಳು ಬಂತೋ ಹೇಳುವುದು ಕಷ್ಟ.

“ನನಗೊಂದ್ ಮಾತು ಹೇಳಬಾರದೇನು?” ಅಂದರು.

ಆಗ ನನಗೆ ನಿಜವಾಗಿಯೂ ಸಂಕಟವಾಯಿತು. ಮದುವೆಯಾಗಿ ಎರಡು ವರ್ಷ ಈ ಮನುಷ್ಯ ನನ್ನ ಕಡೆ ಹೀಗೆ ನೋಡಿರಲಿಲ್ಲ. ಇನ್ನು ತಡಮಾಡಬಾರದೆಂದು ಫೋನು ತೆಗೆದು, ಎಲ್ಲರ ನಡುವೆ ಹಿಡಿದು, ಮೊದಲ ದಿನದ ವಿಡಿಯೊ ಹಚ್ಚಿದೆ. “ಇದೊಂದು ಕಾದಂಬರಿ. ಇದರ ನಾಯಕಿ ಸಫಿಯಾ” ಅಂತ ನನ್ನದೇ ದನಿ ಹೇಳಿತು.

ಅವ್ವ ಹಸಿರು ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಹಾಗೇ ಕುಳಿತಳು. ನೆಲ ಬಾಯ್ತೆರೆದು ನುಂಗಬಾರದೇ ಅನ್ನಿಸಿತು. ನಮ್ಮವರು ಉಳಿದ ಅರ್ಧ ಹೋಳಿಗೆಯನ್ನು ಏನು ಮಾಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು ನಿಂತರು.

“ಬಂದ್,” ಅಂದರು ಅತ್ತೆ.

ಕಿತ್ತೂರಿನ ಹೆಂಗಸು ಖರ್ಜೂರದ ಚೀಲ ಸರಿಸುತ್ತ ಮೆಲ್ಲಗೆ ಕೇಳಿದರು: “ಅಲ್ರೀ ಅಕ್ಕಾರ, ಹಂಗಾರ ಆ ಸಫಿಯಾಗ ತವರ ಮನಿಯವರು ಯಾರೂ ಇಲ್ಲೇನ್ರಿ?”

ಇಲ್ಲ, ತಾಯಿಯೂ ಇಲ್ಲ ಅಂದೆ.

ಅಡುಗೆಮನೆಗೆ ಹೊರಟಿದ್ದ ಅತ್ತೆ ಬಾಗಿಲಲ್ಲೇ ನಿಂತರು. “ಗಂಡ?”

ವ್ಯಾಪಾರಕ್ಕೆ ಹೋಗಿದ್ದಾನೆ, ಇವಳು ಬಸುರಿ ಅಂತ ಅವನಿಗೆ ಗೊತ್ತಿಲ್ಲ ಅಂದೆ. ಅತ್ತೆ ತಿರುಗಿ ಬಂದು ಚಾಪೆಯ ಮೇಲೆ ಕುಳಿತರು. ಮೊದಲಿನಿಂದ ಹೇಳು ಅಂದರು. ನಾನು ಹೇಳಿದೆ, ಓಢಣಿಯಿಲ್ಲದೆ, ನಮ್ಮ ಮಾತಿನಲ್ಲೇ. ಎಲ್ಲರೂ ಹೋಳಿಗೆ ತಿನ್ನುತ್ತ, ಖರ್ಜೂರದ ಬೀಜ ಉಗುಳುತ್ತ ಕೇಳಿದರು. ಅವ್ವ ಎರಡು ಸಲ ಮೂಗು ಸೀಟಿದಳು. ತಂದ ಉಡಿ ತಿರುಗಿ ಒಯ್ಯಬಾರದೆಂದು ಕೊನೆಗೆ ಎಲ್ಲರ ಅಭಿಪ್ರಾಯವಾಯಿತು. ಹೀಗಾಗಿ ಫೋನನ್ನು ಮಣೆಯ ಮೇಲೆ ನಿಲ್ಲಿಸಿ, ಪರದೆಗೆ ಅರಿಶಿನ ಕುಂಕುಮ ಹಚ್ಚಿ, ಹಸಿರು ಖಣ ಹೊದಿಸಿ, ನಾಲ್ಕು ಜನ ಮುತ್ತೈದೆಯರು ಸಫಿಯಾಗೆ ಆರತಿ ಎತ್ತಿದರು. ನಾನೂ ಎತ್ತಿದೆ!

ಆಮೇಲೆ ಅತ್ತೆ ತೀರ್ಪು ಬದಲಿಸಿದರು. “ನಡಸು. ಆದ್ರ ಬಾಣಂತನದೊಳಗ ಆ ಗಂಡ ಮನಿಗೆ ಬರಬೇಕು. ಬರಲಿಲ್ಲಂದ್ರ ಬಂದ್.”

ಮುಂದಿನ ಅಧ್ಯಾಯ ನಾನು ಓದಿದ್ದೆ. ಹಾರಿಸ್ ಮರಳುಗಾಳಿಗೆ ಸಿಕ್ಕು ಸಾಯುತ್ತಾನೆ. ಅವನ ಸಾವಿನ ಮೇಲೆ ಸಫಿಯಾ ಹಾಡುವ ಕವಿತೆಗಾಗಿಯೇ ನಾನು ಈ ಕಾದಂಬರಿ ಹಿಡಿದದ್ದು. ಆ ಸಾಲುಗಳನ್ನು ಅರಬ್ಬಿಯಲ್ಲೇ ಬಾಯಿಪಾಠ ಮಾಡಿ ಕಾಯುತ್ತಿದ್ದೆ.

ಮರುದಿನ ವಿಡಿಯೊ ಶುರುಮಾಡುವ ಹೊತ್ತಿಗೆ ಅತ್ತೆ ಫೋನಿನ ಎದುರಿಗೇ ಕುರ್ಚಿ ಎಳೆದುಕೊಂಡು ಕುಳಿತರು. ನಾನು ಓಢಣಿ ಸರಿಪಡಿಸಿಕೊಂಡೆ, ಕಣ್ಣಲ್ಲಿ ನೀರು ತಂದುಕೊಂಡೆ, ಬಾಯಿ ತೆರೆದೆ, ಅತ್ತೆಯ ಮುಖ ನೋಡಿದೆ. ಹಾರಿಸ್ ಒಂಟೆ ಇಳಿದು, ಕೈಕಾಲು ತೊಳೆದುಕೊಂಡು, ಹೆಂಡತಿಗೆ ಒಂದು ಹೇರು ಬೆಲ್ಲ ತಂದು ಸುಖವಾಗಿ ಮನೆ ಸೇರಿದ.

ಕಾದಂಬರಿ ಬರೆದವರು ನನ್ನನ್ನು ಕ್ಷಮಿಸಲಿ. ಅವರಿಗೇನು, ನಮ್ಮ ಅತ್ತೆಯ ಜೊತೆ ಒಂದೇ ಮನೆಯಲ್ಲಿ ಬಾಳುವೆ ಮಾಡಬೇಕಾದವಳು ನಾನು.