ಹೊಳೆಯಲ್ಲಿ ಮಾತಾಡಬಾರದಂತೆ

ನನಗೆ ಸಿಟ್ಟು ಬರುವುದು ಅಪರೂಪ ಎಂದು ನಾನೇ ಹೇಳಿಕೊಂಡು ಓಡಾಡುತ್ತೇನೆ. ಬೆಳಿಗ್ಗೆ ದೀಪ ಹಚ್ಚಿ, ಗ್ಯಾಸ್ ಇನ್ನೂ ಮುಗಿದಿಲ್ಲವಲ್ಲ, ಮೊಣಕಾಲು ಮಡಚಲು ಬರುತ್ತಿದೆಯಲ್ಲ ಎಂದು ದೇವರಿಗೆ ಕೈ ಮುಗಿಯುವವಳು ನಾನು. ಆದರೆ ಹೋದ ತಿಂಗಳು ಒಂದು ಭಾನುವಾರ ಹೊಳೆ ದಂಡೆಯಲ್ಲಿ ಬಂದ ಸಿಟ್ಟು ಇವತ್ತಿಗೂ ಆರಿಲ್ಲ. ಇದನ್ನು ಬರೆಯುವಾಗಲೂ ಪೆನ್ನು ಕಾಗದ ಹರಿಯುವಷ್ಟು ಒತ್ತುತ್ತಿದೆ.

ನಮ್ಮ ಯಜಮಾನರು ಬೀರೂರಿನಲ್ಲಿ ರೈಲ್ವೆ ಕೆಲಸದಿಂದ ನಿವೃತ್ತರಾದ ಮೇಲೆ ಗಾಳ ಹಿಡಿದರು. ಎರೆಹುಳ ಸಿಕ್ಕಿಸಿ ಮೀನು ಹಿಡಿಯುವುದು ನಮ್ಮ ಕಡೆ ಯಾರಿಗೆ ಬರುವುದಿಲ್ಲ? ಇವರದು ಅದಲ್ಲ. ನೀಲಗಿರಿಯ ಟೀ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದು, ಈಗ ಕಡೂರಿನಲ್ಲಿ ಮನೆ ಮಾಡಿರುವ ಸಿದ್ದಪ್ಪನವರು ಇವರ ಗುರು. ಅಲ್ಲಿ ಟ್ರೌಟ್ ಎಂಬ ಮೀನು ಇದೆಯಂತೆ. ಹುಳ ತೋರಿಸಿದರೆ ಅದಕ್ಕೆ ಅವಮಾನವಂತೆ. ಗರಿಯಲ್ಲಿ ನೊಣದ ಹಾಗೆ ಕಟ್ಟಿ ನೀರಿನ ಮೇಲೆ ಬೀಸಬೇಕಂತೆ. ನಮ್ಮ ಭದ್ರಾ ಹೊಳೆಯಲ್ಲಿ ಟ್ರೌಟ್ ಇಲ್ಲ, ಅದರ ಮರ್ಯಾದೆ ಮಾತ್ರ ಬಂದಿದೆ. ಆ ನೊಣ ಕಟ್ಟಲು, ಊರಮ್ಮನಿಗೆ ಹರಕೆ ಬಿಟ್ಟಿದ್ದ ನನ್ನ ಹುಂಜದ ಬಾಲದಿಂದ ಮೂರು ಗರಿ ಕಿತ್ತರು. ಹುಂಜ ಬದುಕಿತು, ಅಷ್ಟೇ ಪುಣ್ಯ.

ಅದನ್ನೂ ಸಹಿಸಿದೆ. ಆದರೆ ಆ ಭಾನುವಾರ ಮಧ್ಯಾಹ್ನ ಅಜ್ಜಂಪುರದಿಂದ ನಮ್ಮಣ್ಣ ಊಟಕ್ಕೆ ಬರುವವನಿದ್ದ. ನಮ್ಮ ಗೃಹಪ್ರವೇಶದ ಕಾರ್ಡಿನಲ್ಲಿ ತನ್ನ ಹೆಸರು ಬಿಟ್ಟುಹೋಯಿತೆಂದು ಎರಡು ವರ್ಷ ನಮ್ಮ ಹೊಸಿಲು ತುಳಿಯದವನು, ಕೊನೆಗೆ ಫೋನಿನಲ್ಲಿ, "ಹೊಳೆ ಮೀನಿನ ಸಾರು ಮಾಡಿದ್ರೆ ಬತ್ತೀನಿ" ಅಂದಿದ್ದ. ಒಡಹುಟ್ಟಿದವರ ರಾಜಿಯೆಲ್ಲ ಒಂದು ಮೀನಿನ ಮೇಲೆ ನಿಂತಿತ್ತು. ಮಸಾಲೆ ರುಬ್ಬಿಟ್ಟೆ. ಹಿಂದಿನ ವಾರ ಮೊಬೈಲಿನಲ್ಲಿ ಮೀನಿನ ಫೋಟೊ ಇಟ್ಟುಕೊಂಡು ಬರಿಗೈಯಲ್ಲಿ ಬಂದವರನ್ನು ನಂಬುವುದು ಹೇಗೆ? ಮೊದಲ ಬಸ್ಸಿಗೆ ನಾನೂ ತರೀಕೆರೆಗೆ ಹೊರಟು, ಅಲ್ಲಿಂದ ಯಜಮಾನರು, ಸಿದ್ದಪ್ಪನವರ ಜೊತೆ ಆಟೋದಲ್ಲಿ ಹೊಳೆಗೆ ಹೋದೆ.

ದಂಡೆಗೆ ಕಾಲಿಟ್ಟಿದ್ದೇ ಕಾನೂನು ಶುರುವಾಯಿತು. ನೆರಳು ನೀರಿನ ಮೇಲೆ ಬೀಳಬಾರದು. ಗಾಳ ಹಾಕಿದವರ ಮುಂದೆ ಹಾಯಬಾರದು. ಕೆಂಪು ಸೀರೆ ತಪ್ಪು, ಬಳೆ ಸದ್ದು ತಪ್ಪು. ನನ್ನ ಪಾಡಿಗೆ ಒಂದು ದೇವರನಾಮ ಗುನುಗಿದರೆ ಯಜಮಾನರು ಪಿಸುಗುಟ್ಟಿದರು, "ಬಾಯ್ ಮುಚ್ಕಂಡ್ ಕೂತ್ಕೋ ಕಣೇ, ಮೀನು ಹೆದ್ರ್ಕತ್ತವೆ." ಇಷ್ಟು ವರ್ಷ ನನ್ನ ಮಾತಿಗೆ ತಾವು ಹೆದರದವರು ಮೀನಿನ ಪರ ವಕಾಲತ್ತು ವಹಿಸಿದರು.

ಬಿಸಿಲೇರುವ ಹೊತ್ತಿಗೆ ರೈಟರಿಗೆ ಮೊಳದುದ್ದದ ಮೀನು ಸಿಕ್ಕಿತು. ನಾನು ಚೀಲ ಬಿಡಿಸಿಕೊಂಡು ಓಡಿದೆ. ಅವರು ಕೈ ಒದ್ದೆ ಮಾಡಿ, ಕೊಕ್ಕೆ ಬಿಡಿಸಿ, ಮಗುವನ್ನು ತೊಟ್ಟಿಲಲ್ಲಿ ಮಲಗಿಸುವ ಹಾಗೆ ಅದನ್ನು ನೀರಿಗೆ ಬಿಟ್ಟರು. "ಬಿಡೋದೇ ಮರ್ಯಾದೆ ಕಣಮ್ಮ" ಎಂದರು.

"ಮರ್ಯಾದೆ ನೀವೇ ಇಟ್ಕಳಿ. ನಮ್ಮಣ್ಣಂಗೆ ಏನ್ ಬಡಿಸ್ಲಿ?" ನಾನು ಕೂಗಿದ್ದಕ್ಕೆ ಆಚೆ ದಂಡೆಯ ಕೊಕ್ಕರೆಗಳೂ ಎದ್ದವು. ಯಜಮಾನರ ಕೈಯಿಂದ ಗಾಳ ಕಿತ್ತುಕೊಂಡು, ಗರಿ ಹರಿದೆಸೆದು, ಬುತ್ತಿಯ ರೊಟ್ಟಿಯನ್ನು ನಾದಿ ಕೊಕ್ಕೆಗೆ ಮೆತ್ತಿ ಹಾಕಿದೆ. ಹತ್ತು ನಿಮಿಷಕ್ಕೆ ದಾರ ಎಳೆಯಿತು. ಎರಡು ಸೇರಿನ ಮೀನು! ರೈಟರು ರೊಟ್ಟಿ ನೋಡಲಾರದೆ ಮುಖ ತಿರುಗಿಸಿದರು. ನಾನು ಸೆರಗಿನಲ್ಲಿ ಮೀನನ್ನು ಅವುಚಿಕೊಂಡಾಗ ಯಜಮಾನರು ಮೆಲ್ಲಗೆ ಕೇಳಿದರು, "ಮೊದಲ್ನೇ ಮೀನ ನಮ್ಮವ್ವ ಏನ್ಮಾಡ್ತಿದ್ಲು?"

ಕೈಗೆ ಸಿಕ್ಕ ಮೊದಲ ಮೀನನ್ನು ನಮ್ಮತ್ತೆ ಗಂಗಮ್ಮನಿಗೇ ಒಪ್ಪಿಸುತ್ತಿದ್ದರು. ಆ ಪದ್ಧತಿ ತಪ್ಪಬಾರದೆಂದು ಮನೆಯಲ್ಲಿ ಎಲ್ಲರಿಗೂ ಉಪದೇಶ ಮಾಡಿದವಳು ನಾನೇ. ಹಲ್ಲು ಕಚ್ಚಿಕೊಂಡು ನೀರಿಗೆ ಬಿಟ್ಟೆ. ಆಮೇಲೆ ಬುತ್ತಿಯ ರೊಟ್ಟಿಯೆಲ್ಲ ಖಾಲಿಯಾಯಿತು, ಎರಡನೆಯ ಮೀನು ಬರಲಿಲ್ಲ.

ಮಧ್ಯಾಹ್ನ ಮಸಾಲೆಗೆ ಆಲೂಗೆಡ್ಡೆ ಹಾಕಿದೆ. ಅಣ್ಣ ಮುದ್ದೆ ಮುರಿದು, ಸಾರಿನಲ್ಲಿ ಬೆರಳಾಡಿಸಿ, "ಮೀನೆಲ್ಲೇ?" ಎಂದ. ಗಂಗಮ್ಮನಿಗೆ ಬಿಟ್ಟೆ ಎಂದೆ. ತಟ್ಟೆ ಬಿಟ್ಟು ಏಳುತ್ತಾನೆ, ಇನ್ನೆರಡು ವರ್ಷ ಹೋಯಿತು ಎಂದುಕೊಂಡೆ. ಅವನು ಯಜಮಾನರ ಕಡೆ ತಿರುಗಿದ. "ಎಷ್ಟುದ್ದ ಇತ್ತು ಭಾವ?" ಇವರು ಎರಡೂ ಕೈ ಚಾಚಿದರು. ಮಾತು ಸಂಜೆಯವರೆಗೂ ಮುಗಿಯಲಿಲ್ಲ.

ಈಗ ಭಾನುವಾರ ಬಂದರೆ ಅಣ್ಣ ಅಜ್ಜಂಪುರದಿಂದ ನೇರ ಹೊಳೆಗೇ ಹೋಗುತ್ತಾನೆ. ಅಲ್ಲಿ ಮೂವರು ಗಂಡಸರು ಬಾಯಿ ಮುಚ್ಚಿಕೊಂಡು ನಿಲ್ಲುತ್ತಾರೆ. ಕೂಗುವವಳು, ರೊಟ್ಟಿ ಹಾಕುವವಳು ಎಂದು ನನ್ನನ್ನು ಕರೆಯುವುದಿಲ್ಲ. ದೇವರನ್ನು ಬೈಯೋಣವೆಂದರೆ ಅವನದೇನೂ ತಪ್ಪಿಲ್ಲ. ಅಣ್ಣ ವಾರವಾರವೂ ಬರುವ ಹಾಗೆ ಮಾಡಪ್ಪಾ ಎಂದು ಬೇಡಿಕೊಂಡವಳು, ಎಲ್ಲಿಗೆ ಎಂದು ಹೇಳುವುದನ್ನೇ ಮರೆತಿದ್ದೆ.