ನೈಲ್ ದಂಡೆಯಲ್ಲಿ ಚಪ್ಪಲಿ ಕಾಯ್ದದ್ದು

ದಣಿಯುವುದಕ್ಕೆ ಮನುಷ್ಯ ಅಷ್ಟು ದೂರ ಹೋಗಬೇಕಾಗಿಲ್ಲ. ಹರಪನಹಳ್ಳಿ ನಿಲ್ದಾಣದಲ್ಲಿ ಬೆಳಗಿನ ತೆಲಿಗಿ ಬಸ್ಸು ಹತ್ತಿ, ಸೀಟು ಸಿಗದೆ, ಯಾರದೋ ಹಾಲಿನ ಕ್ಯಾನಿಗೆ ಮೊಣಕಾಲು ಒರಗಿಸಿ ನಿಂತರೆ ಸಾಕು, ಅರ್ಧ ಗಂಟೆಯಲ್ಲಿ ತೃಪ್ತಿಯಾಗುವಷ್ಟು ದಣಿಯಬಹುದು. ಆದರೂ ನಾನು ಪಾಸ್‌ಪೋರ್ಟ್ ಮಾಡಿಸಿ, ಎರಡು ವಿಮಾನ ಬದಲಿಸಿ, ದಣಿಯಲೆಂದೇ ಈಜಿಪ್ಟಿಗೆ ಹೋಗಿ ಬಂದೆ. ನೈಲ್ ನದಿಯ ಮೇಲೆ ಹಡಗಿನಲ್ಲಿ ಐದು ದಿನ, ದಂಡೆಯುದ್ದಕ್ಕೂ ಇರುವ ಪ್ರಾಚೀನ ದೇವಾಲಯಗಳ ದರ್ಶನ. ಬಂದು ಒಂದೂವರೆ ತಿಂಗಳಾಯಿತು. ಎದುರಿಗೆ ಸಿಕ್ಕವರೆಲ್ಲ "ಹೆಂಗಿತ್ರಿ ಸರ್ ಪಿರಮಿಡ್ಡು?" ಎಂದು ಕೇಳುತ್ತಾರೆ. ಪಿರಮಿಡ್ ಇರುವುದೇ ಬೇರೆ ಕಡೆ, ನಾವು ಹೋದದ್ದೇ ಬೇರೆ ಕಡೆ ಎಂದು ವಿವರಿಸುವ ಶಕ್ತಿ ನನ್ನಲ್ಲಿ ಉಳಿದಿಲ್ಲ. "ಚಲೋ ಇತ್ತು" ಎಂದುಬಿಡುತ್ತೇನೆ. ನಿಜ ಹೇಳಬೇಕೆಂದರೆ, ಆ ದೇವಾಲಯಗಳ ಬಗ್ಗೆ ನನಗೆ ಹೆಚ್ಚೇನೂ ಗೊತ್ತಿಲ್ಲ. ಅವುಗಳ ಬಾಗಿಲ ಹೊರಗೆ ನೆರಳು ಎಷ್ಟು ಹೊತ್ತಿಗೆ ಯಾವ ಕಡೆ ಸರಿಯುತ್ತದೆ ಎಂದು ಕೇಳಿದರೆ ಮಾತ್ರ ತಪ್ಪಿಲ್ಲದೆ ಹೇಳಬಲ್ಲೆ.

ಇದಕ್ಕೆ ಹಿನ್ನೆಲೆಯಾಗಿ ಒಂದು ತಪ್ಪೊಪ್ಪಿಗೆ ಇದೆ. ನಾನು ಚಿಗಟೇರಿಯ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಸಮಾಜ ವಿಜ್ಞಾನ ಹೇಳಿದವನು. ಪುಸ್ತಕದಲ್ಲಿ ಈಜಿಪ್ಟಿನ ಪಾಠ ಒಂದೂವರೆ ಪುಟ. ನಾನು ಅದನ್ನು ಮೂರು ಪೀರಿಯಡ್ಡಿಗೆ ಎಳೆಯುತ್ತಿದ್ದೆ. ಉಳಿದದ್ದೆಲ್ಲ ನನ್ನ ಸ್ವಂತ ಸರಕು. ಕತ್ತಲ ಗರ್ಭಗುಡಿ, ನಸುಕಿನಲ್ಲಿ ಅರ್ಚಕ ಬಾಗಿಲ ಮುದ್ರೆ ಒಡೆಯುವುದು, ದೀಪದ ಬೆಳಕಿಗೆ ಬಂಗಾರದ ದೇವರ ಕಣ್ಣು ಒಮ್ಮೆಲೇ ಹೊಳೆಯುವುದು, ಹೀಗೆ. ಕೊನೆಯ ಬೆಂಚಿನವರೂ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಒಂದು ವರ್ಷ ಮಾತ್ರ ಒಬ್ಬ ಹುಡುಗಿ ಎದ್ದು ನಿಂತು, "ಸರ್, ನೀವು ನೋಡೀರೇನ್ರಿ?" ಎಂದು ಕೇಳಿದಳು. ನಾನು ಗಂಟಲು ಸರಿಮಾಡಿಕೊಂಡು ಬೋರ್ಡಿನ ಕಡೆ ತಿರುಗಿ, ಅದಾಗಲೇ ಒರೆಸಿದ್ದನ್ನೇ ಮತ್ತೊಮ್ಮೆ ಒರೆಸಿದೆ. ನಿವೃತ್ತಿಯಾದ ಮೇಲೆ ಆ ಪ್ರಶ್ನೆ ಬಿಟ್ಟರೆ ಬೇರೆ ಏನೂ ನನ್ನನ್ನು ಕಾಡಲಿಲ್ಲ. ಒಂದೇ ಒಂದು ಸಲ, ಒಂದೇ ಒಂದು ಗುಡಿಯ ಆ ಒಳಕೋಣೆಯಲ್ಲಿ ನಿಂತು ಬರಬೇಕು, ಇಷ್ಟೇ ನನಗೆ ಬೇಕಾಗಿದ್ದದ್ದು.

ನನ್ನ ಹೆಂಡತಿ ಸುಮಂಗಲಾ ಹಂಪಸಾಗರದ ಕಡೆಯವಳು. ಅವಳ ತವರಿನ ಹಳೆಯ ಊರು ತುಂಗಭದ್ರಾ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆ, ಹೊಸ ಊರು ದಿಬ್ಬದ ಮೇಲಿದೆ. ನೀರು ಕಂಡು ಬೆಳೆದವಳಾದ್ದರಿಂದ ಅವಳಿಗೆ ನದಿಯ ಮೇಲಿನ ಹಡಗು ದೊಡ್ಡ ವಿಷಯವೆನಿಸಲಿಲ್ಲ. "ಹೊಳಿ ನೋಡಾಕ ಅಷ್ಟು ದೂರ ಯಾಕ್ರಿ?" ಎಂದು ಒಂದು ಮಾತು ಕೇಳಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು, ಹೊಸ ಚಪ್ಪಲಿ ಹಾಕಿಕೊಂಡು ಹೊರಟುಬಿಟ್ಟಳು. ಆ ಹೊಸ ಚಪ್ಪಲಿಯೇ ಮುಂದಿನ ಕಥೆಯ ನಾಯಕ.

ಹಡಗಿನ ಜೀವನ ಆರಾಮ ಎಂದು ಯಾರು ಹೇಳಿದರೋ ಅವರು ಹಡಗಿನಲ್ಲಿ ಇದ್ದವರಲ್ಲ. ಬೆಳಗಿನ ಜಾವ ನಾಲ್ಕೂವರೆಗೆ ಕೋಣೆಯ ಫೋನು ಬಡಿದುಕೊಳ್ಳುತ್ತದೆ. ಬಿಸಿಲೇರುವ ಮುಂಚೆ ಗುಡಿ ನೋಡಬೇಕಂತೆ. ದಂಡೆಯಲ್ಲಿ ಹಡಗುಗಳನ್ನು ಸಂತೆಯಲ್ಲಿ ಎತ್ತು ಕಟ್ಟಿದಂತೆ ಒಂದರ ಪಕ್ಕ ಒಂದು ಕಟ್ಟಿರುತ್ತಾರೆ. ನಮ್ಮದು ಯಾವಾಗಲೂ ನಾಲ್ಕನೆಯದು. ದಡ ಸೇರಬೇಕಾದರೆ ಬೇರೆಯವರ ಮೂರು ಹಡಗುಗಳ ನಡುಮನೆ ಹಾದು ಹೋಗಬೇಕು. ಅಮೃತಶಿಲೆಯ ನೆಲ, ದೊಡ್ಡ ದೊಡ್ಡ ಕನ್ನಡಿ, ಸೋಫಾದಲ್ಲಿ ಕಾಫಿ ಕುಡಿಯುತ್ತ ಕುಳಿತ ಯಾವ ಯಾವುದೋ ದೇಶದವರು. ನಾವು ಹದಿನಾಲ್ಕು ಜನ ಕನ್ನಡದವರು, ತಲೆಗೆ ಮಫ್ಲರ್ ಸುತ್ತಿಕೊಂಡು, ಆಕಳಿಸುತ್ತ ಅವರ ಮಧ್ಯೆ ಮೆರವಣಿಗೆ ಹೋಗುತ್ತಿದ್ದೆವು. ನಮ್ಮ ಗೈಡ್ ಮುಸ್ತಫಾ ಎಂಬ ಸಮಾಧಾನದ ಮನುಷ್ಯ ಒಂದು ಹಸಿರು ಬಾವುಟ ಹಿಡಿದು ಮುಂದೆ ನಡೆಯುತ್ತಿದ್ದ.

ಮೊದಲ ದಿನ ಕಾರ್ನಾಕ್. ಬಾಗಿಲ ಮುಂದೆ ಎರಡೂ ಕಡೆ ಟಗರಿನ ತಲೆಯ ಕಲ್ಲಿನ ಸಿಂಹಗಳ ಸಾಲು. ನಾನು ಎಲ್ಲರಿಗಿಂತ ಮುಂದೆ ಹೆಜ್ಜೆ ಹಾಕುತ್ತಿದ್ದೆ. ಅಷ್ಟರಲ್ಲಿ ಸುಮಂಗಲಾ ನಿಂತುಬಿಟ್ಟಳು. "ಇಲ್ಲಿ ಚಪ್ಪಲಿ ಎಲ್ಲಿ ಬಿಡೂದ್ರಿ?"

"ಬಿಡೂದು ಬ್ಯಾಡ. ಇದು ಗುಡಿ ಅಲ್ಲ, ಸ್ಮಾರಕ" ಎಂದೆ.

"ನೀವs ಹೇಳಿದ್ರಲ್ಲ, ಕಾರ್ನಾಕ್ ಗುಡಿ ಅಂತ."

"ಆಗ ಗುಡಿ ಇತ್ತು. ಪೂಜಿ ನಿಂತು ಎಷ್ಟೋ ನೂರು ವರ್ಷ ಆತು. ಒಳಗ ದೇವರಿಲ್ಲ."

"ಪೂಜಿ ನಿಂತದ್ದು ದೇವರ ತಪ್ಪೇನ್ರಿ?"

ಅವಳು ಚಪ್ಪಲಿ ಬಿಚ್ಚಿ, ಬಟ್ಟೆಯ ಚೀಲದಲ್ಲಿ ಹಾಕಿ, ಒಂದು ಟಗರಿನ ಕಾಲ ಬುಡದಲ್ಲಿ ಇಟ್ಟು ನಡೆದಳು. ನಾವು ಇಪ್ಪತ್ತು ಹೆಜ್ಜೆ ಹೋಗಿರಲಿಕ್ಕಿಲ್ಲ, ಹಿಂದೆ ಸೀಟಿ ಊದಿದರು. ವಾರಸುದಾರರಿಲ್ಲದ ಚೀಲ ಕಂಡು ಬಂದೂಕು ಹಿಡಿದ ಇಬ್ಬರು ಪೊಲೀಸರು ಅದರ ಸುತ್ತ ನಿಂತಿದ್ದರು. ಪ್ರವಾಸಿಗರೆಲ್ಲ ದೂರ ಸರಿದಿದ್ದರು. ಮುಸ್ತಫಾ ಓಡಿಬಂದು, ಕೈ ಮೇಲೆತ್ತಿ ಏನೇನೋ ಹೇಳಿ, ಕೊನೆಗೆ ಚೀಲದಿಂದ ಚಪ್ಪಲಿಯನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿ ತೋರಿಸಿದ. ಪೊಲೀಸರು ನಗಲಿಲ್ಲ. ಇನ್ನು ಮುಂದೆ ಯಾವ ವಸ್ತುವನ್ನೂ ಹೀಗೆ ಬಿಟ್ಟು ಹೋಗಬಾರದು, ಜೊತೆಯಲ್ಲಿ ಮನುಷ್ಯ ಇರಲೇಬೇಕು ಎಂದು ಅಪ್ಪಣೆಯಾಯಿತು. ಚೀಲವನ್ನು ಹೆಗಲಿಗೆ ಹಾಕಿಕೊಂಡೇ ಬಾ ಎಂದರೆ, "ಚಪ್ಪಲಿ ಹೊತ್ಕೊಂಡು ಗುಡಿ ಒಳಗ ಹೋಗ್ತಾರೇನು?" ಎಂದಳು. ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ಮಾನ ಉಳಿಸಿಕೊಳ್ಳಲು ನಾನು ಆಗ ಒಂದು ಮಾತು ಆಡಿದೆ. ಅದನ್ನು ಆಡಬಾರದಿತ್ತು. "ನೀ ಹೋಗಿ ಬಾ. ನನಗೇನು ಹೊಸದಲ್ಲ, ಮೂವತ್ತೊಂದು ವರ್ಷ ಇದನ್ನ ಹೇಳೀನಿ."

ಅಲ್ಲಿಗೆ ನನ್ನ ಉದ್ಯೋಗ ನಿಶ್ಚಯವಾಯಿತು. ನಾಳೆ ಸರದಿ ಬದಲಾಗುತ್ತದೆ ಎಂದುಕೊಂಡೆ, ಆಗಲಿಲ್ಲ. ಮುಸ್ತಫಾ ಪ್ರತಿ ಗುಡಿಗೂ ಒಂದು ತಾಸು ಕೊಡುತ್ತಿದ್ದ. ಸುಮಂಗಲಾ ಆ ತಾಸನ್ನು ಕಡೆಯ ನಿಮಿಷದವರೆಗೆ ಬಳಸಿ, ಪ್ರದಕ್ಷಿಣೆಯನ್ನೂ ಮುಗಿಸಿ ಬರುತ್ತಿದ್ದಳು. ನಡುವೆ ಒಂದು ದಿನ ರಾಜರ ಗೋರಿಗಳ ಕಣಿವೆ ಇತ್ತು. ಅದು ಗುಡಿಯಲ್ಲ, ಚಪ್ಪಲಿ ಬಿಡಬೇಕಾಗಿಲ್ಲ, ಅಲ್ಲಾದರೂ ನನಗೆ ಬಿಡುವು ಸಿಗುತ್ತದೆ ಎಂದು ಬೆಳಿಗ್ಗೆಯಿಂದ ಹುರುಪಿನಲ್ಲಿದ್ದೆ. "ಹೆಣ ಇಟ್ಟ ಜಾಗಕ್ಕ ಹೋಗಿ ಬಂದ್ರ ತಲಿ ಮ್ಯಾಲೆ ನೀರು ಹಾಕ್ಕೋಬೇಕು. ಹಡಗಿಗೆ ಹೋಗಾಕ ಇನ್ನೂ ನಾಕು ತಾಸು ಐತಿ. ಮೈಲಿಗ್ಯಾಗ ಬಸ್ಸಿನಾಗ ಕುಂದರ್ತೀರೇನು?" ಎಂದಳು. ಇಬ್ಬರೂ ಹೊರಗೆ ಕಲ್ಲಿನ ಮೇಲೆ ಕುಳಿತು ಚಹಾ ಕುಡಿದೆವು.

ಎಡ್ಫು ಎಂಬಲ್ಲಿಗೆ ಬರುವಷ್ಟರಲ್ಲಿ ಗುಂಪಿನ ಉಳಿದ ಹೆಂಗಸರಿಗೆ ಸುಮಂಗಲಾಳ ಬರಿಗಾಲು ಕಂಡು ಮನಸ್ಸಿನಲ್ಲಿ ಚುಚ್ಚತೊಡಗಿತು. "ಆಕಿ ಬಿಚ್ಯಾಳ, ನಾವು ಹಾಕ್ಕೊಂಡು ಹೋದ್ರ ಚಂದಲ್ಲ" ಎಂದು ಅವರೂ ಬಿಚ್ಚಿದರು. ಕೋಮ್ ಒಂಬೋದಲ್ಲಿ ಇಬ್ಬರನ್ನು ಬಿಟ್ಟು ಗಂಡಸರೂ ಬಿಚ್ಚಿದರು. ದಾವಣಗೆರೆಯ ನಿವೃತ್ತ ಬ್ಯಾಂಕ್ ಮ್ಯಾನೇಜರು ತಮ್ಮ ಬೂಟುಗಳನ್ನು ನನ್ನ ತೊಡೆಯ ಪಕ್ಕದಲ್ಲಿ ಜೋಡಿಸಿಟ್ಟು, "ಮೇಷ್ಟ್ರೇ, ನೀವು ಹೆಂಗೂ ಕೂತಿರ್ತೀರಲ್ಲ, ಇವನ್ನೂ ಒಂಚೂರು ನೋಡ್ಕಳ್ರಿ" ಎಂದರು. ಹನ್ನೊಂದು ಜೊತೆಗಳಾದವು. ಅಲ್ಲಿ ಮೊಸಳೆ ದೇವರ ಗುಡಿ ಇದೆ, ಒಳಗೆ ಒಣಗಿಸಿಟ್ಟ ನಿಜವಾದ ಮೊಸಳೆಗಳಿವೆ ಎಂದು ಎಲ್ಲರೂ ಹೊರಬಂದು ಹೇಳಿದರು. ನಾನು ಯಾರ ಚಪ್ಪಲಿಯ ಹಿಮ್ಮಡಿ ಯಾವ ಕಡೆ ಸವೆದಿದೆ ಎಂದು ನೋಡುತ್ತ ಕುಳಿತಿದ್ದೆ. ಬೇರೆ ದೇಶದ ಪ್ರವಾಸಿಗಳು ನಾನು ಚಪ್ಪಲಿ ಮಾರುವವನೆಂದು ತಿಳಿದು ಬಗ್ಗಿ ನೋಡಿ ಮುಂದೆ ಹೋಗುತ್ತಿದ್ದರು. ಒಬ್ಬ ಹೆಂಗಸು ಮ್ಯಾನೇಜರರ ಬೂಟು ಎತ್ತಿ ತಿರುಗಿಸಿಯೂ ನೋಡಿದಳು.

ನನಗೆ ಸಿಟ್ಟು ಬಂದಿತ್ತು ಎನ್ನಲಾರೆ. ಸಿಟ್ಟಿಗೂ ಸ್ವಲ್ಪ ನಿದ್ದೆ ಬೇಕು. ಆದರೆ ದುಃಖವಾಗಿತ್ತು. ಸಂಜೆ ಹಡಗಿನ ಮೇಲೆ ಎಲ್ಲರೂ ಒಳಗೆ ಕಂಡದ್ದನ್ನು ಹೇಳಿಕೊಳ್ಳುವಾಗ ನಾನು ಪುಸ್ತಕದಲ್ಲಿ ಓದಿದ್ದನ್ನು ಸೇರಿಸುತ್ತಿದ್ದೆ. "ಮೇಷ್ಟ್ರು ಕಂಡಂಗ ಹೇಳ್ತಾರ ನೋಡ್ರಿ" ಎಂದು ಅವರು ಮೆಚ್ಚುತ್ತಿದ್ದರು. ಇಷ್ಟು ದೂರ ಬಂದರೂ ನಾನು ಚಿಗಟೇರಿಯ ತರಗತಿಯಲ್ಲೇ ನಿಂತಿದ್ದೆ. ನನಗೂ ನೋಡುವುದಿದೆ ಎಂದು ಹೆಂಡತಿಗೆ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಆದರೆ ಮೊದಲ ದಿನ ಆಡಿದ ದೊಡ್ಡ ಮಾತನ್ನು ವಾಪಸು ತೆಗೆದುಕೊಳ್ಳುವುದು ಹೇಗೆ? ಮೇಷ್ಟರ ಜಾತಿಗೆ ಅದೊಂದು ಬರುವುದಿಲ್ಲ.

ಕೊನೆಯ ದಿನ ಅಸ್ವಾನ್. ಕೊನೆಯ ಗುಡಿ ಫೀಲೆ, ಐಸಿಸ್ ಎಂಬ ತಾಯಿಯದು. ನೀರಿನ ನಡುವೆ ದ್ವೀಪ, ಮೋಟಾರು ದೋಣಿಯಲ್ಲಿ ಹೋಗಬೇಕು. ದೋಣಿಯಲ್ಲಿ ಮುಸ್ತಫಾ ಅದರ ಕಥೆ ಹೇಳಿದ. ಅಣೆಕಟ್ಟು ಕಟ್ಟಿದ್ದರಿಂದ ಗುಡಿ ವರ್ಷ ವರ್ಷವೂ ನೀರಲ್ಲಿ ನಿಲ್ಲುತ್ತಿತ್ತು, ಆಮೇಲೆ ಇನ್ನೂ ದೊಡ್ಡ ಅಣೆಕಟ್ಟು ಬಂದಾಗ ಪೂರ್ತಿ ಮುಳುಗದಂತೆ ಕಲ್ಲು ಕಲ್ಲು ಬಿಚ್ಚಿ, ಪಕ್ಕದ ಎತ್ತರದ ದ್ವೀಪಕ್ಕೆ ಸಾಗಿಸಿ, ಮೊದಲಿದ್ದಂತೆಯೇ ಕಟ್ಟಿದರು ಎಂದ. ನಾನು ಸುಮಂಗಲಾಳಿಗೆ ಕನ್ನಡದಲ್ಲಿ ತಿಳಿಸಿದೆ. ಅವಳು ಎರಡು ಸಲ ಕೇಳಿದಳು. "ಕಲ್ಲು ಕಲ್ಲು ಬಿಚ್ಚಿದ್ರಾ?" ಹೌದು ಎಂದೆ. ಆಮೇಲೆ ದಡ ಮುಟ್ಟುವವರೆಗೂ ನೀರನ್ನೇ ನೋಡುತ್ತಿದ್ದಳು.

ದಡದಲ್ಲಿ ಹನ್ನೊಂದು ಜೊತೆಗಳು ಎಂದಿನಂತೆ ನನ್ನ ಮುಂದೆ ಬಂದು ಸೇರಿದವು. ನಾನು ಗೋಡೆಯ ನೆರಳು ನೋಡಿ ಕುಳಿತೆ. ಹತ್ತು ನಿಮಿಷವಾಗಿತ್ತೋ ಇಲ್ಲವೋ, ಸುಮಂಗಲಾ ಒಬ್ಬಳೇ ವಾಪಸು ಬಂದಳು. ಕಣ್ಣು ಒದ್ದೆಯಾಗಿತ್ತು. "ಕಂಬಕ್ಕ ನೀರಿನ ಗೆರಿ ಹಂಗs ಐತ್ರಿ. ನಮ್ಮೂರ ಗುಡಿ ಕಂಬಕ್ಕೂ ಹಿಂಗs ಐತಿ. ಇವರು ಎತ್ತಿಟ್ಕೊಂಡಾರ, ನಮ್ಮದನ್ನ ಯಾರು ಎತ್ತಿಡಬೇಕು" ಎಂದಳು. ನನ್ನ ಪಕ್ಕದಲ್ಲಿ ಕುಳಿತು, ಸೆರಗಿನಿಂದ ಮುಖ ಒರೆಸಿಕೊಂಡು, "ನಾ ಕುಂತಿರ್ತೀನಿ. ನೀವು ಹೋಗಿ ಬರ್ರಿ" ಎಂದಳು.

ಆಗ ನನಗೆ ನೆನಪಾಯಿತು. ನಮ್ಮ ಮದುವೆಯಾದ ವರ್ಷ, ಬೇಸಿಗೆಯಲ್ಲಿ ಹಿನ್ನೀರು ಇಳಿದು ಅವಳ ಹಳೆಯ ಊರಿನ ಗುಡಿ ನೀರಿನಿಂದ ಮೇಲೆದ್ದು ಕಂಡಿತ್ತು. ಅಲ್ಲಿ ಮೂರ್ತಿಯಿಲ್ಲ, ಅದನ್ನು ಆಗಲೇ ಹೊಸ ಊರಿಗೆ ಒಯ್ದಿದ್ದಾರೆ. ಪೂಜೆಯಿಲ್ಲ, ಬಾಗಿಲಿಲ್ಲ. ಆದರೂ ಅವಳ ತವರಿನವರೆಲ್ಲ ಬಿರುಕು ಬಿಟ್ಟ ಕೆಸರಿನ ಅಂಚಿನಲ್ಲಿ ಚಪ್ಪಲಿ ಸಾಲಾಗಿ ಬಿಟ್ಟು, ಬರಿಗಾಲಲ್ಲಿ ಆ ಖಾಲಿ ಗುಡಿಯೊಳಗೆ ಹೋಗಿ, ಸುಮ್ಮನೆ ನಿಂತು ಬಂದಿದ್ದರು. ಅಲ್ಲಿಯ ಪದ್ಧತಿಯೇ ಹಾಗೆ. ನಾನು ಹೊಸ ಅಳಿಯ, ಹೊಸ ಬೂಟು. ಕೆಸರಾಗುತ್ತದೆಂದು ದಂಡೆಯ ಮೇಲೇ ನಿಂತಿದ್ದೆ.

ನಾನು ಎದ್ದು ಒಳಗೆ ನಡೆದೆ. ಅಂಗಳ, ಕಂಬಗಳ ಸಾಲು, ಕಂಬಗಳಿಗೆ ನಿಜವಾಗಿಯೂ ನೀರಿನ ಗೆರೆ. ಕೊನೆಗೆ ಆ ಕತ್ತಲೆಯ ಸಣ್ಣ ಬಾಗಿಲು. ಎಲ್ಲ ದೇಶದವರೂ ಬೂಟಿನಲ್ಲೇ ಒಳಗೆ ಹೋಗಿ ಬರುತ್ತಿದ್ದರು. ನಾನೂ ಹೋಗಬಹುದಿತ್ತು. ಅದು ಗುಡಿಯಲ್ಲ, ಸ್ಮಾರಕ ಎಂದು ಮೊದಲ ದಿನವೇ ವಾದಿಸಿದವನು ನಾನೇ. ಆದರೆ ಗೋಡೆ ಹಿಡಿದು, ಬಗ್ಗದ ಮೊಣಕಾಲು ಬಗ್ಗಿಸಿ, ಲೇಸು ಬಿಚ್ಚಿ, ಬೂಟುಗಳನ್ನು ಬಾಗಿಲ ಪಕ್ಕದಲ್ಲಿ ಇಟ್ಟು, ಕಾಲುಚೀಲದಲ್ಲಿ ಒಳಗೆ ಹೋದೆ. ಒಳಗೆ ಬಂಗಾರದ ದೇವರಿರಲಿಲ್ಲ, ಹೊಳೆಯುವ ಕಣ್ಣಿರಲಿಲ್ಲ. ಒಂದು ಕಲ್ಲಿನ ಪೀಠವಿತ್ತು, ಅದರ ಮೇಲೆ ಏನೂ ಇರಲಿಲ್ಲ. ಕಾಲ ಕೆಳಗೆ ನೆಲ ತಣ್ಣಗಿತ್ತು. ಮೂವತ್ತೊಂದು ವರ್ಷ ಮಕ್ಕಳಿಗೆ ಎಷ್ಟೆಲ್ಲ ಹೇಳಿದ್ದೆ, ಈ ತಣ್ಣನೆಯ ನೆಲವೊಂದನ್ನು ಹೇಳಿರಲಿಲ್ಲ. ಬಹಳ ಸಮಾಧಾನವಾಯಿತು. ಎಷ್ಟು ಹೊತ್ತು ನಿಂತೆನೋ, ಹೊರಗಿನಿಂದ ಮುಸ್ತಫಾ ನಮ್ಮ ಗುಂಪನ್ನು ಕೂಗುವುದು ಕೇಳಿಸಿತು. ಗಾಬರಿಯಲ್ಲಿ ಜನರ ಹಿಂದೆ ಹೊರಟೆ. ಯಾವ ಬಾಗಿಲಿನಿಂದ ಹೊರಬಿದ್ದೆ ಎಂದು ದೇವರಾಣೆಗೂ ಗೊತ್ತಿಲ್ಲ.

ದೋಣಿಯ ಎಂಜಿನ್ ಆಗಲೇ ಶುರುವಾಗಿತ್ತು. ಎಲ್ಲರೂ ತಮ್ಮ ತಮ್ಮ ಚಪ್ಪಲಿ ಮೆಟ್ಟಿ ಕುಳಿತಿದ್ದರು. ನಾನು ಹತ್ತಿ ಕುಳಿತು, ದೋಣಿ ದಡ ಬಿಟ್ಟ ಮೇಲೆ, ಸುಮಂಗಲಾ ನನ್ನ ಕಾಲು ನೋಡಿದಳು. "ನಿಮ್ಮ ಬೂಟೆಲ್ಲಿ?" ಐದು ದಿನ ಒಂದು ಜೊತೆಯಿಂದ ಹನ್ನೊಂದು ಜೊತೆಯವರೆಗೆ ಊರವರದರಲ್ಲಿ ಒಂದು ಬಾರೂ ಹೋಗದಂತೆ ಕಾಯ್ದಿದ್ದೆ. ಹೋದದ್ದು ನನ್ನದೊಂದೇ. ದೋಣಿ ತಿರುಗಿಸಲು ಸಮಯವಿಲ್ಲ ಎಂದು ಮುಸ್ತಫಾ ಎದೆಯ ಮೇಲೆ ಕೈಯಿಟ್ಟು ಕ್ಷಮೆ ಕೇಳಿದ. ಮ್ಯಾನೇಜರು ತಮ್ಮ ಬೂಟು ನೋಡಿಕೊಂಡರು. ಸುಮಂಗಲಾ ಮಾತ್ರ, "ಹೋಗ್ಲಿ ಬಿಡ್ರಿ. ಗುಡ್ಯಾಗ ಚಪ್ಪಲಿ ಹೋದ್ರ ಪೀಡಾ ಹೋತು ಅಂತ ತಿಳ್ಕೋಬೇಕು" ಎಂದು ನಕ್ಕಳು. ಅದು ಗುಡಿಯಲ್ಲ ಎನ್ನುವ ಹಕ್ಕು ಆಗ ನನಗೆ ಉಳಿದಿರಲಿಲ್ಲ. ಆ ದಿನ ಮೂರು ಹಡಗುಗಳ ಅಮೃತಶಿಲೆಯ ನಡುಮನೆಗಳನ್ನು, ಹೆಬ್ಬೆರಳು ಹೊರಬಂದ ಕಾಲುಚೀಲದಲ್ಲಿ, ಎಲ್ಲ ದೇಶದವರ ಎದುರಿಗೆ ದಾಟಿದೆ.

ಈಗ ಬೇಸಿಗೆ. ಹಿನ್ನೀರು ಇಳಿದು ಗುಡಿ ಕಂಡಿದೆ ಎಂದು ಸುಮಂಗಲಾಳ ಅಣ್ಣ ಮೊನ್ನೆ ಫೋನು ಮಾಡಿದ್ದರು. ನಾಳೆ ಹೊರಡುತ್ತೇವೆ, ಅವರ ಮನೆಯವರೆಲ್ಲ ಸೇರಿ ಇಪ್ಪತ್ತು ಜನರಾಗುತ್ತಾರೆ. ಅನುಭವಸ್ಥನಾದ್ದರಿಂದ ನಾನೇ ಮುಂದಾಗಿ, ಸ್ವಲ್ಪ ದೊಡ್ಡತನದಿಂದಲೇ, "ನೀವೆಲ್ಲ ಒಳಗ ಹೋಗಿ ಬರ್ರಿ. ನಾ ದಂಡಿ ಮ್ಯಾಲೆ ಕುಂತು ಎಲ್ಲಾರ ಚಪ್ಪಲಿ ಕಾಯ್ತೀನಿ" ಎಂದೆ.

ಸುಮಂಗಲಾ ಬುತ್ತಿ ಕಟ್ಟುತ್ತಿದ್ದವಳು ತಲೆಯೆತ್ತಿ ನೋಡಿದಳು. "ನಿಮ್ಮ ಬೂಟs ಉಳಿಸ್ಕೊಳ್ಳಾಕ ಬರ್ಲಿಲ್ಲ, ನೀವೇನು ಮಂದಿ ಚಪ್ಪಲಿ ಕಾಯ್ತೀರಿ? ಸುಮ್ನ ನಮ್ಮ ಜೋಡಿ ಒಳಗ ನಡೀರಿ."